ಬೆಂಗಳೂರಿಂದ ಅಸ್ಸಾಂಗೆ: ವಾಯುಪಡೆ ಸಂಸಾರದ ಒಂದು ಪೋಸ್ಟಿಂಗ್

"ನಿಮಗೇನಮ್ಮ, ಇರೋಕೆ ಕ್ವಾರ್ಟರ್ಸ್, ಸಾಮಾನಿಗೆ ಕ್ಯಾಂಟೀನು, ಹುಷಾರಿಲ್ಲ ಅಂದ್ರೆ ಮಿಲಿಟರಿ ಆಸ್ಪತ್ರೆ" ಎಂದು ನೆಂಟರು ಹೇಳುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಇದೆಲ್ಲ ನಮಗಿದೆ. ಎಷ್ಟೋ ಮನೆಗಳಿಗೆ ಸಿಗದ ಭದ್ರತೆ ಅದು ಅನ್ನೋದೂ ನನಗೆ ಗೊತ್ತು. ಆದರೆ ವಾಯುಪಡೆಯವರ ಮನೆಯಲ್ಲಿ ಬದುಕು ಚೆನ್ನಾಗಿದೆಯಾ ಇಲ್ಲವಾ ಅಂತ ನೋಡಬೇಕಾದರೆ, ಒಂದು ಕಡೆ ನೆಲೆ ನಿಂತಾಗ ನೋಡಬಾರದು. ಪೋಸ್ಟಿಂಗ್ ಬಂದ ದಿನದಿಂದ ಹೊಸ ಜಾಗದಲ್ಲಿ ಒಲೆ ಹಚ್ಚುವ ತನಕ ನೋಡಬೇಕು. ಆ ತಿಂಗಳುಗಳಲ್ಲಿ ಮಕ್ಕಳ ಓದು, ಹೆಂಡತಿಯ ಕೆಲಸ, ಕೈಯಲ್ಲಿರುವ ದುಡ್ಡು, ಮನಸ್ಸಿನ ನೆಮ್ಮದಿ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತವೆ. ನಾವು ಈಚೆಗೆ ಅಂಥದ್ದೊಂದನ್ನು ದಾಟಿ ಬಂದೆವು. ಮುಂದೆ ದಾಟುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಸಾರ್ಜೆಂಟ್, ಎಲೆಕ್ಟ್ರಾನಿಕ್ಸ್ ಟ್ರೇಡ್. ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿ ಕೊಡುವ ಕೆಲಸದಲ್ಲಿದ್ದರು. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಮೇಲೆ ಮನೆಗೆ ಬರುವ ಡ್ಯೂಟಿ. ನಾನು ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮಗಳು ಏಳನೇ ಕ್ಲಾಸು, ಮಗ ಮೂರನೇ ಕ್ಲಾಸು, ಇಬ್ಬರೂ ಜಾಲಹಳ್ಳಿಯ ಕೇಂದ್ರೀಯ ವಿದ್ಯಾಲಯದಲ್ಲಿ. ಅತ್ತೆ ಮಾವ ಹಾಸನದ ಕಡೆ ಹಳ್ಳಿಯಲ್ಲಿ. ಹಬ್ಬಕ್ಕೆ ಬಸ್ ಹತ್ತಿದರೆ ಸಂಜೆಯೊಳಗೆ ಊರು ಸೇರುತ್ತಿದ್ದೆವು.

2024ರ ಅಕ್ಟೋಬರ್‌ನಲ್ಲಿ ಪೋಸ್ಟಿಂಗ್ ಸಿಗ್ನಲ್, ಅಂದರೆ ವರ್ಗಾವಣೆ ಆದೇಶ ಬಂತು. ಏರ್‌ಮನ್‌ಗಳ (ಅಧಿಕಾರಿಗಳಲ್ಲದ ವಾಯುಪಡೆ ಸಿಬ್ಬಂದಿಯ) ಪೋಸ್ಟಿಂಗ್ ನೋಡಿಕೊಳ್ಳುವುದು ದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿರುವ ಏರ್‌ಫೋರ್ಸ್ ರೆಕಾರ್ಡ್ ಆಫೀಸ್. ಎಲ್ಲಿಗೆ ಬೇಕು ಅಂತ ನಾವು ಚಾಯ್ಸ್ ಕೊಡಬಹುದು. ಕೊಟ್ಟಿದ್ದು ಸಿಗಲೇಬೇಕು ಅಂತೇನಿಲ್ಲ. ವಾಯುಪಡೆಗೆ ಏಳು ಕಮಾಂಡ್‌ಗಳಿವೆ. ನಾವು ಹೆಬ್ಬಾಳದ ಟ್ರೈನಿಂಗ್ ಕಮಾಂಡ್ ಕೈಕೆಳಗಿಂದ ಶಿಲ್ಲಾಂಗ್‌ನ ಈಸ್ಟರ್ನ್ ಏರ್ ಕಮಾಂಡ್ ಕೈಕೆಳಗೆ ಹೊರಟಿದ್ದೆವು. ಅಸ್ಸಾಂನ ಒಂದು ವಾಯುಪಡೆ ಸ್ಟೇಷನ್. ಯಾವುದು ಎಂದು ಇಲ್ಲಿ ಬರೆಯುವುದಿಲ್ಲ.

ಮನೆಯವರಿಗೆ ಅದು ಕೆಲಸದ ಮಾತು. ಯೂನಿಫಾರ್ಮ್ ಹಾಕಿದ ಮೇಲೆ ಹೋಗೋದೇ. ನನ್ನ ತಲೆಯಲ್ಲಿ ಓಡಿದ್ದು ಒಂದೇ: ಶಾಲೆ ಮುಗಿಯೋದು ಮಾರ್ಚ್‌ಗೆ, ಇವರು ಅಲ್ಲಿ ರಿಪೋರ್ಟ್ ಮಾಡಬೇಕಾದ್ದು ಡಿಸೆಂಬರ್‌ನಲ್ಲಿ.

ಇಲ್ಲಿ ಪ್ರತಿ ಮನೆಯವರೂ ಒಂದು ತೀರ್ಮಾನ ಮಾಡಲೇಬೇಕು. ಎಲ್ಲರೂ ಒಟ್ಟಿಗೆ ಹೋಗೋದಾ, ಅವರು ಮೊದಲು ಹೋಗಿ ನಾವು ಆಮೇಲೆ ಹೋಗೋದಾ? ಹತ್ತನೇ, ಹನ್ನೆರಡನೇ ಕ್ಲಾಸಿನ ಮಕ್ಕಳಿದ್ದರೆ ವರ್ಷ ಮುಗಿಯುವ ತನಕ ಹಳೇ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಕೇಳೋದು ಸಲೀಸು. ಏಳನೇ ಕ್ಲಾಸಿಗೆ ಆ ತೂಕ ಇಲ್ಲ. ಆದರೂ ಜೆನ್‌ಫಾರ್ಮ್‌ನಲ್ಲಿ (ವಾಯುಪಡೆಯ ಅರ್ಜಿ ನಮೂನೆ) ಅರ್ಜಿ ಬರೆದರು. ಮಕ್ಕಳ ಪರೀಕ್ಷೆ, ನನ್ನ ಶಾಲೆಯ ನೋಟಿಸ್ ಅವಧಿ ಎರಡನ್ನೂ ಬರೆದು, ಶಾಲೆಯ ಪತ್ರ ಲಗತ್ತಿಸಿದರು. ಮಾರ್ಚ್ ಕೊನೆಯವರೆಗೆ ಇರಬಹುದು ಎಂದು ಒಪ್ಪಿಗೆ ಸಿಕ್ಕಿತು. ಈ ಪತ್ರದ ಮಾತು ಯಾಕೆ ಹೇಳಿದೆ ಅಂದ್ರೆ, "ಮಕ್ಕಳ ಓದಿನ ಸಲುವಾಗಿ" ಅಂತ ಸುಮ್ನೆ ಬರೆದ ಅರ್ಜಿಗೂ ಪರೀಕ್ಷೆ ತಾರೀಖು ನಮೂದಿಸಿದ ಅರ್ಜಿಗೂ ತುಂಬ ವ್ಯತ್ಯಾಸ ಇದೆ. ಓದುವ ಅಧಿಕಾರಿಗೆ ಎಷ್ಟು ದಿನ, ಯಾಕೆ ಅನ್ನೋದು ಒಂದೇ ನೋಟಕ್ಕೆ ಕಾಣಬೇಕು.

ಅವರು ಮೊದಲು ಹೋದದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಹೊಸ ಸ್ಟೇಷನ್‌ನಲ್ಲಿ ಕ್ವಾರ್ಟರ್ಸ್‌ಗೆ ಸರದಿ ಇರುತ್ತದೆ. ಅಲ್ಲಿಗೆ ಹೋಗಿ, ರಿಪೋರ್ಟ್ ಮಾಡಿ, ಹೆಸರು ಬರೆಸಿದ ಮೇಲೇ ನಮ್ಮ ಸರದಿ ಶುರು. ನಾವು ಇಲ್ಲಿ ಪರೀಕ್ಷೆ ಮುಗಿಸುವಷ್ಟರಲ್ಲಿ ಅಲ್ಲಿ ಅವರ ಹೆಸರು ಎಷ್ಟೋ ಮೇಲಕ್ಕೆ ಬಂದಿತ್ತು.

ಒಂದು ಕಪ್ಪು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ಅವರು ಡಿಸೆಂಬರ್‌ನಲ್ಲಿ ಹೊರಟರು.

ಆಮೇಲಿನ ಚಳಿಗಾಲ ನನಗೆ ತುಂಬ ಕಲಿಸಿತು. ಕ್ಯಾಂಪಿನೊಳಗೆ ಒಬ್ಬಳೇ ಮಕ್ಕಳ ಜೊತೆ ಇರೋದಕ್ಕೂ ಹೊರಗೆ ಬಾಡಿಗೆ ಮನೆಯಲ್ಲಿ ಇರೋದಕ್ಕೂ ಹೋಲಿಕೆಯೇ ಇಲ್ಲ. ಗೇಟಿನಲ್ಲಿ ಕಾವಲು ಇದೆ. ಮಕ್ಕಳು ಸಂಜೆ ಸೈಕಲ್ ತುಳಿದರೆ ಭಯವಿಲ್ಲ. ಬ್ಲಾಕಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಭಾಭಿ, ಭಯ್ಯಾ. ಮೇಲಿನ ಮನೆಯವರು ಒಡಿಶಾದವರು, ಎದುರು ಮನೆಯವರು ರಾಜಸ್ಥಾನದವರು. ಎಲ್ಲರ ಅಪ್ಪ ಅಮ್ಮನೂ ದೂರದಲ್ಲೇ ಇದ್ದಾರೆ. ಹಾಗಾಗಿ ಯಾರೂ "ನಮಗ್ಯಾಕೆ" ಅನ್ನುವುದಿಲ್ಲ.

ಜನವರಿಯ ಒಂದು ರಾತ್ರಿ ಮಗನಿಗೆ ಉಬ್ಬಸ ಜಾಸ್ತಿ ಆಯಿತು. ಎದುರು ಮನೆ ಭಾಭಿಯ ಬಾಗಿಲು ತಟ್ಟಿದೆ. ಅವರ ಯಜಮಾನರು ಕ್ಯಾಂಪಿನ ಚಿಕಿತ್ಸಾಲಯವಾದ ಮೆಡಿಕೇರ್ ಸೆಂಟರ್‌ಗೆ ಫೋನ್ ಮಾಡಿದರು. ಅಲ್ಲಿ ನೆಬುಲೈಸರ್ ಹಾಕಿ, ಉಸಿರು ಹಿಡಿತಕ್ಕೆ ಬರಲಿಲ್ಲವೆಂದು ಆಂಬುಲೆನ್ಸ್‌ನಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಗೆ ಕಳಿಸಿದರು. ಮಗಳು ಭಾಭಿಯ ಮನೆಯಲ್ಲಿ ಮಲಗಿದಳು. ಬೆಳಿಗ್ಗೆ ತಿಂಡಿ ಕಟ್ಟಿಸಿಕೊಂಡು ಶಾಲೆಗೂ ಹೋದಳು. ಡಾಕ್ಟರಿಗೆ ನಾನು ತೋರಿಸಿದ್ದು ಡಿಪೆಂಡೆಂಟ್ ಕಾರ್ಡ್ ಮಾತ್ರ. ದುಡ್ಡಿನ ಮಾತೇ ಬರಲಿಲ್ಲ. ಆತುರಾತುರವಾಗಿ ಹಣ ಹೊಂದಿಸಲು ಓಡಾಡುವ ನನ್ನ ಅಕ್ಕನ ಮನೆಯ ಪರಿಸ್ಥಿತಿ ನೋಡಿದವಳು ನಾನು. ಆ ರಾತ್ರಿ ಈ ವ್ಯವಸ್ಥೆಯ ಬೆಲೆ ನನಗೆ ಪೂರ್ತಿ ತಿಳಿಯಿತು.

ಮನೆಯವರಿಗೆ ಸುದ್ದಿ ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಡ್ಯೂಟಿ ಜಾಗಕ್ಕೆ ಫೋನ್ ಒಯ್ಯುವಂತಿಲ್ಲ. ಶಿಫ್ಟ್ ಮುಗಿಸಿ ಬಂದು ನೋಡಿದರೆ ಮೊಬೈಲ್ ತುಂಬ ನನ್ನ ಕರೆಗಳು. ಮಗ ಆಗಲೇ ಎದ್ದು ಕೂತು ಬ್ರೆಡ್ ತಿನ್ನುತ್ತಿದ್ದ. ಆದರೆ ದೂರದಲ್ಲಿರುವವರಿಗೆ ಆಗುವ ಸಂಕಟ ಬೇರೆಯದೇ. ಇಡೀ ದಿನ ಅವರು ಊಟ ಮಾಡಲಿಲ್ಲವಂತೆ. ನಮ್ಮ ಬಗ್ಗೆ ಮಾತಾಡುವಾಗ ಜನ ಹೆಂಡತಿ ಮಕ್ಕಳ ಒಂಟಿತನವನ್ನು ಗುರುತಿಸುತ್ತಾರೆ. ಬ್ಯಾರಕ್ಕಿನ ಮಂಚದ ಮೇಲೆ ಕೂತು ಏನೂ ಮಾಡಲಾಗದೆ ಒದ್ದಾಡುವ ಅಪ್ಪನನ್ನು ಯಾರೂ ನೆನೆಯುವುದಿಲ್ಲ.

ಫೆಬ್ರವರಿಯಲ್ಲಿ ನಾನು ರಾಜೀನಾಮೆ ಕೊಟ್ಟೆ. ಇದನ್ನು ಬರೆಯೋದು ಕಷ್ಟ. ಆ ಶಾಲೆಯಲ್ಲಿ ಮುಂದಿನ ವರ್ಷ ನನಗೆ ಹತ್ತನೇ ಕ್ಲಾಸು ಕೊಡುವ ಮಾತಾಗಿತ್ತು. ಗಂಡನ ಪೋಸ್ಟಿಂಗ್‌ಗೆ ಲೆಕ್ಕ ಇದೆ, ಸರ್ವಿಸ್ ಕೂಡುತ್ತ ಹೋಗುತ್ತದೆ, ಇಂಕ್ರಿಮೆಂಟ್ ನಿಲ್ಲುವುದಿಲ್ಲ. ನನ್ನದು ಪ್ರತಿ ಸಲ ಸೊನ್ನೆಯಿಂದ. ಹೊಸ ಊರಿನ ಶಾಲೆ ನನ್ನ ಹಳೇ ಅನುಭವಕ್ಕೆ ಸಂಬಳ ಕೊಡುವುದಿಲ್ಲ. ಹಿಂದಿನ ಪೋಸ್ಟಿಂಗ್‌ನಲ್ಲೂ ಹೀಗೇ ಆಗಿತ್ತು. ಬ್ಲಾಕಿನಲ್ಲಿ ಓದಿದ ಹೆಣ್ಣುಮಕ್ಕಳು ಎಷ್ಟು ಜನ ಇದ್ದೇವೆ! ಬಿಎಡ್ ಮಾಡಿದವರು, ನರ್ಸಿಂಗ್ ಮಾಡಿದವರು, ಎಂಬಿಎ ಮಾಡಿದವರು. ಇದರಲ್ಲಿ ಬಹಳಷ್ಟು ಜನ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದಾರೆ ಅಥವಾ ಏನೂ ಮಾಡುತ್ತಿಲ್ಲ. ಮನೆ, ಆಸ್ಪತ್ರೆ, ಕ್ಯಾಂಟೀನು ಇವೆಲ್ಲಕ್ಕೂ ನಿಯಮ ಇದೆ. ಹೆಂಡತಿಯ ಕೆಲಸಕ್ಕೆ ಅಂಥ ಆಸರೆ ಇಲ್ಲ. ನನ್ನ ಮಟ್ಟಿಗೆ ನಮ್ಮ ಬದುಕಿನ ದೊಡ್ಡ ಕೊರತೆ ಇದೇ.

ಮಾರ್ಚ್‌ನಲ್ಲಿ ಮನೆಯವರು ಸ್ವಲ್ಪ ದಿನ ರಜೆ ಹಾಕಿ ಬಂದರು. ಏರ್‌ಮನ್‌ಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಕೇಳಿದರೆ ತುಂಬ ಅನ್ನಿಸುತ್ತದೆ. ಅಸ್ಸಾಂನಿಂದ ಕರ್ನಾಟಕಕ್ಕೆ ರೈಲಿನಲ್ಲಿ ಹೋಗಿ ಬರೋದರಲ್ಲೇ ಅದರ ಒಂದು ಪಾಲು ಕರಗುತ್ತದೆ.

ಕ್ವಾರ್ಟರ್ಸ್ ಒಪ್ಪಿಸುವ ಕೆಲಸ ಬೇಗ ಹೇಳಿಬಿಡುತ್ತೇನೆ. ಮನೆ ಕೊಡುವಾಗ ಎಷ್ಟು ಫ್ಯಾನು, ಎಷ್ಟು ನಲ್ಲಿ, ಎಷ್ಟು ಗಾಜು ಇದ್ದವೋ ಬಿಡುವಾಗಲೂ ಅಷ್ಟೇ ಇರಬೇಕು. ಕ್ವಾರ್ಟರ್ಸ್ ನೋಡಿಕೊಳ್ಳುವ ಎಂಇಎಸ್‌ನವರು (ಮಿಲಿಟರಿ ಎಂಜಿನಿಯರ್ ಸರ್ವಿಸಸ್) ಪಟ್ಟಿ ಹಿಡಿದು ಬಂದು ನೋಡುತ್ತಾರೆ. ಕರೆಂಟ್ ಬಿಲ್ ಕಟ್ಟಿದ ರಸೀದಿ ಬೇಕು. ಗ್ಯಾಸ್ ಸಿಲಿಂಡರು, ರೆಗ್ಯುಲೇಟರು ವಾಪಸ್ ಕೊಟ್ಟು ವೋಚರ್ ತೆಗೆದುಕೊಳ್ಳಬೇಕು. ಅದಿದ್ದರೆ ಹೊಸ ಊರಲ್ಲಿ ಕನೆಕ್ಷನ್ ಸುಲಭ. ಸ್ಕೂಟರನ್ನು ರೈಲಿನ ಪಾರ್ಸೆಲ್‌ಗೆ ಹಾಕಿದೆವು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಗೋಣಿ ಸುತ್ತಿ ಕೊಡಬೇಕು. ಬೇರೆ ರಾಜ್ಯಕ್ಕೆ ಒಯ್ಯುವಾಗ ಆರ್‌ಟಿಒದ ಎನ್‌ಒಸಿ, ಮರುನೋಂದಣಿ, ತೆರಿಗೆ ಅಂತ ತಲೆನೋವು ಇದ್ದೇ ಇದೆ. 2021ರಲ್ಲಿ ಬಂದ ಬಿಎಚ್ ಸರಣಿ ನಂಬರು ಸೇನೆಯವರಿಗೂ ಸಿಗುತ್ತದೆ. ಹೊಸ ಗಾಡಿ ಕೊಳ್ಳುವವರು ಅದನ್ನೇ ತೆಗೆದುಕೊಳ್ಳಿ. ಊರು ಬದಲಾದ ಹಾಗೆಲ್ಲ ನಂಬರು ಬದಲಿಸುವ ಗೋಜಿಲ್ಲ.

ದುಡ್ಡಿನ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸದಾಗಿ ಮದುವೆಯಾಗಿ ಬಂದವರಿಗೆ ಯಾರೂ ಹೇಳುವುದಿಲ್ಲ. ಏಳನೇ ವೇತನ ಆಯೋಗದ ಪ್ರಕಾರ ದೂರದ ಪೋಸ್ಟಿಂಗ್‌ಗೆ ಮೂಲ ವೇತನದ ಶೇ. 80ರಷ್ಟು ಟ್ರಾನ್ಸ್‌ಫರ್ ಗ್ರಾಂಟ್ ಸಿಗುತ್ತದೆ. ಸಾಮಾನು ಸಾಗಿಸುವ ಖರ್ಚು ಬೇರೆ. ಸಾರ್ಜೆಂಟ್ ಇರೋದು ವೇತನದ ಐದನೇ ಲೆವೆಲ್‌ನಲ್ಲಿ, ಅವರಿಗೆ 3,000 ಕೆ.ಜಿ. ತನಕ ಅವಕಾಶ. ನಾಲ್ಕನೇ ಲೆವೆಲ್‌ನ ಕಾರ್ಪೊರಲ್‌ಗೆ 1,500 ಕೆ.ಜಿ. ಮುಂಗಡವಾಗಿಯೂ ಕೇಳಬಹುದು, ಕೇಳಿ. ಆಮೇಲೆ ಕ್ಲೇಮ್ ಮಾಡಿದರಾಯಿತು ಎಂದು ಬಿಟ್ಟರೆ ಲಾರಿಯವರಿಗೆ, ಗ್ಯಾಸಿಗೆ, ಮಂಚಕ್ಕೆ ಎಲ್ಲಕ್ಕೂ ಒಂದೇ ತಿಂಗಳು ಕೈಯಿಂದ ಹೋಗುತ್ತದೆ. ಮಕ್ಕಳ ಶಿಕ್ಷಣ ಭತ್ಯೆ ಒಂದು ಮಗುವಿಗೆ ತಿಂಗಳಿಗೆ 2,812.50 ರೂಪಾಯಿ ಇದೆ, 2024ರ ಜನವರಿಯಿಂದ. ಇಬ್ಬರು ಮಕ್ಕಳಿಗೆ ಸಿಗುತ್ತದೆ. ಹಳೇ ಶಾಲೆಯಿಂದ ಹೊರಡುವ ಮುಂಚೆಯೇ ಅದಕ್ಕೆ ಬೇಕಾದ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮೂರು ಸಾವಿರ ಕಿಲೋಮೀಟರ್ ದೂರದಿಂದ ಒಂದು ಸಹಿ ತರಿಸೋದು ಎಷ್ಟು ಕಷ್ಟ ಅಂತ ಪಕ್ಕದ ಬ್ಲಾಕಿನ ಒಬ್ಬರು ಅನುಭವಿಸಿದ್ದನ್ನು ನೋಡಿದ್ದೆ.

ಏಪ್ರಿಲ್ ಮೊದಲ ವಾರ ಬೆಂಗಳೂರಿಂದ ಗುವಾಹಟಿ ರೈಲು ಹತ್ತಿದೆವು. ಎರಡು ದಿನಕ್ಕೂ ಜಾಸ್ತಿ ಪ್ರಯಾಣ. ಆಂಧ್ರ, ಒಡಿಶಾ, ಬಂಗಾಳ ದಾಟಿ ಹೋಗುವಾಗ ಮಕ್ಕಳಿಗೆ ಖುಷಿಯೇ. ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ, ಚಪಾತಿ, ನಿಪ್ಪಟ್ಟು ಒಡಿಶಾ ದಾಟುವ ತನಕ ಬಂತು.

ಅಸ್ಸಾಂನಲ್ಲಿ ಮೊದಲು ಇದ್ದದ್ದು ಟ್ರಾನ್ಸಿಟ್ ಕೋಣೆಯಲ್ಲಿ, ಕ್ವಾರ್ಟರ್ಸ್ ಸಿಗುವ ತನಕದ ತಾತ್ಕಾಲಿಕ ವಸತಿ ಅದು. ಒಂದೇ ರೂಮು, ಇಂಡಕ್ಷನ್ ಒಲೆ, ಎರಡು ಮಂಚ. ಲಾರಿ ಇನ್ನೂ ದಾರಿಯಲ್ಲಿತ್ತು. ಮನೆಯವರಿಗೆ ರಾತ್ರಿ ಪಾಳಿ ಇದ್ದಾಗ ಅವರು ಹಗಲು ಮಲಗಬೇಕು, ಮಕ್ಕಳು ಸದ್ದು ಮಾಡಬಾರದು. ಒಂದೇ ರೂಮಿನಲ್ಲಿ ಅದು ಹೇಗೆ ಸಾಧ್ಯ? ನಾನು ಮಕ್ಕಳನ್ನು ಕರೆದುಕೊಂಡು ಮರದ ಕೆಳಗೆ ಕೂತು ಪಾಠ ಹೇಳುತ್ತಿದ್ದೆ. ರಾತ್ರಿ ವಿಮಾನ ಹಾರಾಟ ಇದ್ದಾಗ ಕಿಟಕಿ ಗಾಜು ಅದುರುತ್ತಿತ್ತು. ಜಾಲಹಳ್ಳಿಯಲ್ಲಿ ರನ್‌ವೇ ಇಲ್ಲ. ಹಾಗಾಗಿ ಯುದ್ಧವಿಮಾನದ ಸದ್ದಿನ ಅಭ್ಯಾಸ ಮಕ್ಕಳಿಗಿರಲಿಲ್ಲ. ಮಗ ಮೊದಮೊದಲು ಕಿವಿ ಮುಚ್ಚಿಕೊಂಡು ನನ್ನ ಪಕ್ಕ ಬಂದು ಮಲಗುತ್ತಿದ್ದ. ದಣಿದ ತಂತ್ರಜ್ಞನ ಕೈಯಲ್ಲಿ ವಿಮಾನದ, ರಾಡಾರಿನ ಕೆಲಸ ಇರುತ್ತದೆ. ಅವರಿಗೆ ಹಗಲು ನಿದ್ದೆ ಸಿಗಬೇಕು ಅನ್ನೋದು ಸುರಕ್ಷತೆಯ ಮಾತೂ ಹೌದು. ಟ್ರಾನ್ಸಿಟ್‌ನಲ್ಲಿ ಎರಡು ರೂಮಿನ ಮನೆಗಳು ಜಾಸ್ತಿ ಬೇಕು ಎಂದು ನಾನು ಹೇಳುವುದು ಅದಕ್ಕೇ.

ಸರದಿ ಬಂದು ಕ್ವಾರ್ಟರ್ಸ್ ಸಿಕ್ಕಿದಾಗ ನಾನು ನಿಜವಾಗಿ ಉಸಿರು ಬಿಟ್ಟೆ.

ಶಾಲೆಯ ಕೆಲಸ ಎಲ್ಲಕ್ಕಿಂತ ಸಲೀಸಾಯಿತು. ಒಂದು ಕೇಂದ್ರೀಯ ವಿದ್ಯಾಲಯದಿಂದ ಇನ್ನೊಂದಕ್ಕೆ ಟಿಸಿ ಮೇಲೆ ಸೇರಿಸುತ್ತಾರೆ. ಯೂನಿಫಾರ್ಮ್ ಅದೇ, ಪುಸ್ತಕ ಅದೇ, ಪಾಠ ಎಲ್ಲಿಗೆ ನಿಂತಿತ್ತೋ ಸುಮಾರು ಅಲ್ಲಿಂದಲೇ ಮುಂದುವರಿಯುತ್ತದೆ. ವರ್ಗವಾಗುತ್ತಲೇ ಇರುವ ಕೇಂದ್ರ ನೌಕರರ, ಸೈನಿಕರ ಮಕ್ಕಳಿಗಾಗಿಯೇ 1960ರ ದಶಕದಲ್ಲಿ ರೆಜಿಮೆಂಟ್ ಶಾಲೆಗಳನ್ನು ತೆಗೆದುಕೊಂಡು ಈ ವ್ಯವಸ್ಥೆ ಕಟ್ಟಿದರು. ಅದನ್ನು ಯೋಚಿಸಿದವರಿಗೆ ನಾನು ಕೈಮುಗಿಯುತ್ತೇನೆ. ಮಗಳಿಗೆ ಗೆಳತಿಯರು ಹೋದರು, ಗಣಿತ ಹೋಗಲಿಲ್ಲ.

ಆದರೆ ಒಂದು ನೋವು ಉಳಿದಿದೆ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್, ಸಂಸ್ಕೃತ ಕಲಿಯುತ್ತಾರೆ. ಬೆಂಗಳೂರಿನಲ್ಲಿದ್ದಾಗ ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಓದಿಯಾದರೂ ಕನ್ನಡ ಅಕ್ಷರ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಅದೂ ಇಲ್ಲ. ಅಜ್ಜಿ ಬರೆದ ಕಾಗದವನ್ನು ಮಗ ಓದಲಾರ. ಹಾಗಾಗಿ ದಿನಾ ಸಂಜೆ ಸ್ವಲ್ಪ ಹೊತ್ತು ಕನ್ನಡ ಓದಿಸುತ್ತೇನೆ. ಕ್ಯಾಂಪಿನಲ್ಲಿ ಕರ್ನಾಟಕದ ಇನ್ನೂ ಕೆಲವು ಮನೆಗಳಿವೆ, ಬೆಳಗಾವಿಯವರು, ರಾಯಚೂರಿನವರು. ಆ ಮಕ್ಕಳೂ ಬಂದು ಕೂರುತ್ತಾರೆ. ಒತ್ತಕ್ಷರಕ್ಕೆ ಬಂದಿದ್ದೇವೆ. ಮಗನಿಗೆ 'ಅಜ್ಜಿ' ಅಂತ ಬರೆಯೋಕೆ ಬಂದ ದಿನ ಊರಿಗೆ ಫೋಟೋ ಕಳಿಸಿದೆ. ನಮ್ಮ ಅತ್ತೆ ಅದನ್ನು ಬೀದಿಗೆಲ್ಲ ತೋರಿಸಿದರಂತೆ.

ಅಸ್ಸಾಂ ಒಳ್ಳೆಯ ಊರು, ಜನ ಮೃದು. ನಾವು ಹೋದ ಸ್ವಲ್ಪ ದಿನಕ್ಕೇ ಬಿಹು ಬಂತು. ಬೇಸಿಗೆಯಲ್ಲಿ ಬೆಳಿಗ್ಗೆ ನಾಲ್ಕೂವರೆಗೇ ಬೆಳಕು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬೆಲ್ಟು ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಉಬ್ಬಸದ ಮಗುವಿಗೆ ಈ ತೇವ ಒಳ್ಳೆಯದಲ್ಲ. ಮೆಡಿಕೇರ್ ಸೆಂಟರ್‌ನವರು ಜೋರ್ಹಾಟ್‌ನ 5 ಏರ್‌ಫೋರ್ಸ್ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ವೈದ್ಯರು ಬೆಂಗಳೂರಿನ ಕಾಗದಗಳನ್ನು ಒಂದೊಂದಾಗಿ ನೋಡಿ ಇನ್‌ಹೇಲರ್ ಬದಲಿಸಿದರು. ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು, ಲಾರಿಗೆ ಹಾಕದೆ ಕೈಯಲ್ಲೇ ತಂದಿದ್ದೆ. ಅದರಿಂದ ಪರೀಕ್ಷೆಗಳನ್ನು ಮತ್ತೆ ಮಾಡಿಸುವುದು ತಪ್ಪಿತು.

ಇನ್ನೇನು ಮನೆ ಒಪ್ಪ ಆಯಿತು ಅನ್ನುವಾಗ 2025ರ ಮೇ ಬಂತು. 7ರಂದು ಆಪರೇಷನ್ ಸಿಂದೂರ್. ನಾವಿದ್ದದ್ದು ದೇಶದ ಇನ್ನೊಂದು ತುದಿ. ಹಾಗಂತ ವಾಯುಪಡೆಯಲ್ಲಿ ಯಾವ ತುದಿಯೂ ಸುಮ್ಮನೆ ಕೂರುವುದಿಲ್ಲ. ರಜೆಯಲ್ಲಿ ಊರಿಗೆ ಹೋಗಿದ್ದ ಪಕ್ಕದ ಮನೆಯವರು ಅರ್ಧಕ್ಕೆ ವಾಪಸ್ ಬಂದರು. ಮನೆಯವರು ಡ್ಯೂಟಿಗೆ ಹೋದರೆ ಯಾವಾಗ ಬರುತ್ತಾರೆ ಎಂದು ಕೇಳುವಂತಿರಲಿಲ್ಲ, ಕೇಳಲೂ ಇಲ್ಲ. ಊರಿಂದ ಮಾತ್ರ ಫೋನಿನ ಮೇಲೆ ಫೋನು. ಟಿವಿ ನೋಡಿ ಅತ್ತೆ ಅಳುತ್ತಿದ್ದರು. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ನಂಬಿ ನನ್ನ ತಮ್ಮ "ಅಕ್ಕ, ಮಕ್ಕಳನ್ನು ಕರೆದುಕೊಂಡು ಬಂದುಬಿಡು" ಎನ್ನುತ್ತಿದ್ದ. ನಾವು ಹೆಂಗಸರು ಸಂಜೆ ಒಂದೇ ಮನೆಯಲ್ಲಿ ಸೇರಿ ಅಡುಗೆ ಮಾಡಿ ಮಕ್ಕಳಿಗೆ ಬಡಿಸುತ್ತಿದ್ದೆವು. ಯಾರ ಯಜಮಾನರು ಬಂದರೂ ಒಂದು ತಟ್ಟೆ ತಯಾರಿರುತ್ತಿತ್ತು. ಗಾಳಿಸುದ್ದಿ ಯಾರೂ ಮುಂದಕ್ಕೆ ಕಳಿಸಬಾರದು ಎಂದು ನಮ್ಮಲ್ಲೇ ಮಾತಾಡಿಕೊಂಡೆವು. 10ರ ಸಂಜೆ ದಾಳಿ ನಿಲ್ಲಿಸುವ ಸುದ್ದಿ ಬಂದರೂ ಮನೆಯವರ ಪಾಳಿ ಸರಿಹೋಗಲು ಇನ್ನೂ ಎಷ್ಟೋ ದಿನ ಬೇಕಾಯಿತು. ಅಷ್ಟು ದಿನ ಅವರು ತಲೆ ಎತ್ತದೆ ಕೆಲಸ ಮಾಡಿದ್ದಕ್ಕೆ, ಮನೆ ಕಡೆ ಯೋಚನೆ ಇಲ್ಲದೆ ಇರಲು ಸಾಧ್ಯವಾದದ್ದಕ್ಕೆ, ಈ ಅಕ್ಕಪಕ್ಕದ ಹೆಂಗಸರೂ ಕಾರಣ. ಇದು ಯಾವ ದಾಖಲೆಯಲ್ಲೂ ಬರುವುದಿಲ್ಲ.

ನನ್ನ ಕೆಲಸದ ಕತೆ ಹೇಳಬೇಕು. ಇಲ್ಲಿನ ಶಾಲೆಗಳಿಗೆ ವಿಚಾರಿಸಿದಾಗ ಆ ವರ್ಷದ ಗುತ್ತಿಗೆ ಶಿಕ್ಷಕರ ಸಂದರ್ಶನ ಮುಗಿದಿತ್ತು. ಅವು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ನಡೆಯುತ್ತವೆ. ನಾವು ಬಂದದ್ದು ಏಪ್ರಿಲ್. ಬೆಂಗಳೂರಿನಲ್ಲಿ ಕೂತಿದ್ದಾಗ ಈ ವಿಷಯ ತಿಳಿಸುವವರು ಯಾರೂ ಇರಲಿಲ್ಲ. ತಿಳಿದಿದ್ದರೆ ಒಂದು ವಾರ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದು ಸಂದರ್ಶನ ಕೊಟ್ಟು ಹೋಗುತ್ತಿದ್ದೆ. ಒಂದು ವರ್ಷ ಉಳಿಯುತ್ತಿತ್ತು.

ಪೋಸ್ಟಿಂಗ್ ಬೇಡ ಎಂದು ನಾನು ಹೇಳುತ್ತಿಲ್ಲ. ದೇಶದ ಆಕಾಶ ಕಾಯುವವರು ಒಂದೇ ಕಡೆ ಇರಲಾಗದು, ಅದು ಮದುವೆಗೆ ಮುಂಚೆಯೇ ಗೊತ್ತಿತ್ತು. ಸಾಧ್ಯವಾದ ಕಡೆಯೆಲ್ಲ ರಿಪೋರ್ಟ್ ಮಾಡುವ ತಾರೀಖು ಏಪ್ರಿಲ್‌ಗೆ ಹೊಂದಿಕೊಳ್ಳಲಿ. ಸಿಗ್ನಲ್ ಜೊತೆಗೇ ಹೊಸ ಸ್ಟೇಷನ್‌ನ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಸರದಿ, ಹೆಂಗಸರಿಗೆ ಸಿಗಬಹುದಾದ ಕೆಲಸ ಇವುಗಳ ವಿವರ ಮನೆಗೆ ತಲುಪಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಬಜೆಟ್ ಬೇಡ.

ಅಷ್ಟರ ತನಕ ಕಾಯದೆ, ನಾವು ಬ್ಲಾಕಿನವರೇ ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ಇಲ್ಲಿಗೆ ಪೋಸ್ಟಿಂಗ್ ಬಂದ ಮನೆಯವರು ಮೊದಲು ಹೊರಟು ಬಂದಾಗ ಅವರ ಹೆಂಡತಿಯ ನಂಬರು ಕೇಳಿ ಪಡೆದು ನಮ್ಮಲ್ಲಿ ಒಬ್ಬರು ಮಾತಾಡುತ್ತೇವೆ. ಮಕ್ಕಳು ಯಾವ ಕ್ಲಾಸು, ಯಾರಿಗಾದರೂ ಕಾಯಿಲೆ ಇದೆಯಾ, ನೀವು ಏನು ಓದಿದ್ದೀರಿ ಎಂದು ಕೇಳುತ್ತೇವೆ. ಕಳೆದ ತಿಂಗಳು ನಾನು ಮಾತಾಡಿದ್ದು ಪುಣೆಯಲ್ಲಿರುವ ಒಬ್ಬರ ಜೊತೆ. ಅವರು ಬಿಎಡ್ ಮಾಡಿದ್ದಾರೆ, ವಿಜ್ಞಾನ. ಫೆಬ್ರವರಿ ಸಂದರ್ಶನದ ವಿಷಯ ಹೇಳಿ, ಯಾವ ಯಾವ ಸರ್ಟಿಫಿಕೇಟ್ ಬೇಕೆಂದು ಬರೆದು ಕಳಿಸಿದ್ದೇನೆ. ನಾನೂ ಅದೇ ಸಂದರ್ಶನಕ್ಕೆ ತಯಾರಿ ನಡೆಸಿದ್ದೇನೆ.